ಕಾಣದಷ್ಟು ಎತ್ತರದಲ್ಲಿ ಕೆತ್ತಿದ ಕಥೆ: ಟ್ರೇಜನ್ ಕಂಬವನ್ನು ಎಷ್ಟು ನಂಬಬಹುದು?

ಪ್ರಶ್ನೆ: ರೋಮ್‌ನ ಟ್ರೇಜನ್ ಕಂಬದ ಬಗ್ಗೆ ಒಂದು ವಿಡಿಯೋ ನೋಡಿದೆ. ಬುಡದಿಂದ ತುದಿವರೆಗೂ ಸುತ್ತಿಕೊಂಡು ಹೋಗುವ ಹಾಗೆ ಯುದ್ಧದ ಕಥೆ ಕೆತ್ತಿದ್ದಾರೆ, ಆದರೆ ಕೆಳಗೆ ನಿಂತವರಿಗೆ ಮೇಲಿನದು ಏನೂ ಸರಿಯಾಗಿ ಕಾಣಲ್ಲ ಅಂದರು. ಹಾಗಾದರೆ ಅಷ್ಟು ಕಷ್ಟಪಟ್ಟು ಕೆತ್ತಿದ್ದು ಯಾರಿಗೋಸ್ಕರ? ಅಲ್ಲಿರುವುದು ನಿಜವಾಗಿ ನಡೆದದ್ದಾ, ಇಲ್ಲ ಬರೀ ಚಕ್ರವರ್ತಿಯ ಪ್ರಚಾರವಾ? ಮುಂದಿನ ವರ್ಷ ಇಟಲಿಗೆ ಹೋಗುವ ಯೋಚನೆ ಇದೆ. ಏನನ್ನು ಹೇಗೆ ನೋಡಬೇಕು ಅಂತಲೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ. ಟ್ರೇಜನ್ ಕಂಬದಲ್ಲಿ "ಇದು ಹಸಿ ಸುಳ್ಳು" ಅಂತ ಬೊಟ್ಟು ಮಾಡಿ ತೋರಿಸುವಂಥದ್ದು ಬಹಳ ಕಡಿಮೆ. ಯುದ್ಧ ನಡೆದದ್ದು ನಿಜ, ರೋಮ್ ಗೆದ್ದದ್ದು ನಿಜ, ಡ್ಯಾನ್ಯೂಬ್ ನದಿಗೆ ಸೇತುವೆ ಕಟ್ಟಿದ್ದೂ ನಿಜ. ಆದರೂ ಅದು ಪ್ರಚಾರವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಹತ್ತತ್ತು ಸಲ ತೋರಿಸಬೇಕು ಅನ್ನುವುದರಲ್ಲೇ ಆಟವೆಲ್ಲ ಇದೆ. ಹಾಗಾಗಿ ಅದನ್ನು ಓದುವಾಗ ನಿಜವಾ ಸುಳ್ಳಾ ಅಂತ ಕೇಳಿದರೆ ಜಾಸ್ತಿ ದೂರ ಹೋಗಲಾಗುವುದಿಲ್ಲ.

ಮೊದಲು ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಟ್ರೇಜನ್ ಆಳಿದ್ದು ಕ್ರಿ.ಶ. 98ರಿಂದ 117ರವರೆಗೆ. ಈಗಿನ ರೊಮೇನಿಯಾದ ಭಾಗದಲ್ಲಿ ಆಗ ಡೇಸಿಯಾ ಅನ್ನುವ ರಾಜ್ಯವಿತ್ತು, ಡೆಸೆಬಾಲಸ್ ಅದರ ರಾಜ. ಟ್ರೇಜನ್ ಅವನ ಮೇಲೆ 101-102ರಲ್ಲಿ ಒಮ್ಮೆ, 105-106ರಲ್ಲಿ ಇನ್ನೊಮ್ಮೆ ದಂಡೆತ್ತಿ ಹೋದ. ಎರಡನೇ ಸಲ ಇಡೀ ರಾಜ್ಯವೇ ರೋಮ್ ಪಾಲಾಯಿತು, ಅಲ್ಲಿನ ಚಿನ್ನದ ಗಣಿಗಳ ಸಮೇತ. ಬಂದ ದುಡ್ಡಿನಲ್ಲಿ ರೋಮ್ ನಗರದ ನಡುವೆ ಒಂದು ಭಾರೀ ಚೌಕ ಎದ್ದಿತು, ಅದೇ ಟ್ರೇಜನ್ ಫೋರಮ್. ದುಡ್ಡು ಎಲ್ಲಿಂದ ಬಂತು ಅಂತ ಯಾರೂ ಮುಚ್ಚಿಡಲೂ ಇಲ್ಲ. ಚಾವಣಿಯ ಅಂಚಿನಲ್ಲಿ ಚಿನ್ನದ ಲೇಪ ಹಚ್ಚಿದ ಕುದುರೆಗಳ ಪ್ರತಿಮೆಗಳಿದ್ದವು, ಅವುಗಳ ಕೆಳಗೆ "ಕೊಳ್ಳೆಯ ಹಣದಿಂದ" ಅಂತ ಬರೆದಿತ್ತು ಎಂದು ಔಲಸ್ ಗೆಲಿಯಸ್ ಅನ್ನುವ ರೋಮನ್ ಲೇಖಕ ದಾಖಲಿಸಿದ್ದಾನೆ. ಚೌಕದ ಸುತ್ತ ಕೈಕಟ್ಟಿ ತಲೆ ತಗ್ಗಿಸಿ ನಿಂತ ಡೇಸಿಯನ್ ಸೆರೆಯಾಳುಗಳ ದೊಡ್ಡ ಪ್ರತಿಮೆಗಳೂ ಇದ್ದವು. ಅಂದರೆ ಕಂಬ ಒಂಟಿಯಾಗಿ ನಿಂತಿದ್ದಲ್ಲ. ಅದರ ಹತ್ತಿರ ಬರುವಷ್ಟರಲ್ಲೇ ನೋಡುವವನಿಗೆ ಅರ್ಧ ಕಥೆ ಗೊತ್ತಾಗಿರುತ್ತಿತ್ತು.

ಕಂಬ ಸಮರ್ಪಣೆಯಾದದ್ದು 113ರಲ್ಲಿ. ಪೀಠ ಬಿಟ್ಟರೆ ಸುಮಾರು 30 ಮೀಟರ್ ಎತ್ತರ. ಅಮೃತಶಿಲೆಯ ದೊಡ್ಡ ದೊಡ್ಡ ದುಂಡು ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ್ದಾರೆ. ಒಳಗೆ ಸುತ್ತು ಮೆಟ್ಟಿಲು ಕೊರೆದಿದ್ದಾರೆ, 185 ಮೆಟ್ಟಿಲು, ಬೆಳಕಿಗೆ ಅಲ್ಲಲ್ಲಿ ಸಣ್ಣ ಕಿಂಡಿಗಳು. ಹೊರಗಡೆ ಉಬ್ಬುಕೆತ್ತನೆಯ ಪಟ್ಟಿ 23 ಸುತ್ತು ಸುತ್ತಿಕೊಂಡು ಮೇಲೇರುತ್ತದೆ. ಬಿಚ್ಚಿ ನೆಲಕ್ಕೆ ಹಾಸಿದರೆ ಹತ್ತಿರ ಹತ್ತಿರ 200 ಮೀಟರ್ ಆಗುತ್ತದೆ. ಅದರಲ್ಲಿ 2,500ಕ್ಕೂ ಜಾಸ್ತಿ ಆಕೃತಿಗಳಿವೆ. 19ನೇ ಶತಮಾನದ ಕೊನೆಯಲ್ಲಿ ಕಾನ್ರಾಡ್ ಚಿಕೋರಿಯಸ್ ಅನ್ನುವ ಜರ್ಮನ್ ವಿದ್ವಾಂಸ ಇದನ್ನು 155 ದೃಶ್ಯಗಳಾಗಿ ವಿಂಗಡಿಸಿದ, ಈಗಲೂ ಎಲ್ಲರೂ ಅದೇ ನಂಬರ್ ಬಳಸುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಪಟ್ಟಿಯಲ್ಲಿ ಟ್ರೇಜನ್ ಸುಮಾರು 60 ಸಲ ಕಾಣಿಸಿಕೊಳ್ಳುತ್ತಾನೆ. ಒಂದು ಸಲವಾದರೂ ಕತ್ತಿ ಎತ್ತಿ ಯಾರನ್ನಾದರೂ ಕಡಿಯುತ್ತಾನಾ? ಇಲ್ಲ. ದಂಡಿನ ಮುಂದೆ ನಿಂತು ಮಾತಾಡುತ್ತಾನೆ, ದೇವರಿಗೆ ಬಲಿ ಕೊಡುತ್ತಾನೆ, ಅಧಿಕಾರಿಗಳ ಜೊತೆ ಚರ್ಚೆ ಮಾಡುತ್ತಾನೆ, ದೂತರನ್ನು ಬರಮಾಡಿಕೊಳ್ಳುತ್ತಾನೆ, ಕೋಟೆ ಕಟ್ಟುವುದನ್ನು ನಿಂತು ನೋಡುತ್ತಾನೆ, ಶರಣಾದವರ ಕಡೆ ಕೈ ಚಾಚುತ್ತಾನೆ. ಯುದ್ಧದ ಕಂಬ ಅಂತ ನಾವು ಕರೆಯುತ್ತೇವೆ, ಆದರೆ ಹೊಡೆದಾಟದ ದೃಶ್ಯಗಳು ಒಟ್ಟು ದೃಶ್ಯಗಳ ಸಣ್ಣ ಪಾಲು ಮಾತ್ರ. ಸೈನಿಕರು ಮರ ಕಡಿಯುತ್ತಾರೆ, ರಸ್ತೆ ಮಾಡುತ್ತಾರೆ, ಹುಲ್ಲುಹೆಂಟೆ ಪೇರಿಸಿ ಪಾಳೆಯದ ಗೋಡೆ ಎಬ್ಬಿಸುತ್ತಾರೆ, ಬೆಳೆ ಕೊಯ್ಯುತ್ತಾರೆ, ದೋಣಿಗೆ ಸಾಮಾನು ತುಂಬುತ್ತಾರೆ. ಮೊದಮೊದಲು ನೋಡುವವರಿಗೆ ಇದು ಬೇಸರ ತರಿಸುತ್ತದೆ, "ಇದೇನ್ರೀ, ಬರೀ ಪಿಡಬ್ಲ್ಯುಡಿ ಕೆಲಸ" ಅಂತ ಒಬ್ಬ ವಿದ್ಯಾರ್ಥಿ ನನಗೆ ಹೇಳಿದ್ದ. ಅವನು ಹೇಳಿದ್ದು ಸರಿಯೇ. ಕಂಬ ಹೇಳಹೊರಟಿದ್ದೇ ಅದನ್ನು. ರೋಮ್ ಗೆಲ್ಲುವುದು ಆವೇಶದಿಂದಲ್ಲ, ವ್ಯವಸ್ಥೆಯಿಂದ. ಆ ವ್ಯವಸ್ಥೆಯ ತಲೆ ಟ್ರೇಜನ್.

ಎದುರಾಳಿಗಳನ್ನೂ ಗಮನಿಸಿ. ಡೇಸಿಯನ್ನರನ್ನು ಹೇಡಿಗಳ ಹಾಗೆ ತೋರಿಸಿಲ್ಲ. ಗಡ್ಡ ಬಿಟ್ಟ, ಗಟ್ಟಿಮುಟ್ಟಾದ, ಕೊನೆವರೆಗೂ ಹೋರಾಡುವ ಜನ ಅವರು. ಅವರು ಬಲಶಾಲಿಗಳಾದಷ್ಟೂ ಗೆದ್ದವನ ಹೆಸರು ಏರುತ್ತದೆ ಅಲ್ವಾ? ಆದರೆ ಒಂದು ಕಡೆ ಬೆತ್ತಲೆ ಗಂಡಸರನ್ನು ಕಟ್ಟಿಹಾಕಿ ಹೆಂಗಸರು ಪಂಜು ಹಿಡಿದು ಸುಡುವ ದೃಶ್ಯವಿದೆ. ಸೆರೆ ಸಿಕ್ಕ ರೋಮನ್ನರನ್ನು ಡೇಸಿಯನ್ ಹೆಂಗಸರು ಹಿಂಸಿಸುತ್ತಿದ್ದಾರೆ ಅಂತ ಹೆಚ್ಚಿನವರು ಇದನ್ನು ಓದುತ್ತಾರೆ. ಇದಕ್ಕೆ ಎದುರಾಗಿ ಟ್ರೇಜನ್, ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸನ್ನು ಮರ್ಯಾದೆಯಿಂದ ಹಡಗು ಹತ್ತಿಸಿ ಕಳಿಸುವ ದೃಶ್ಯವೂ ಇದೆ. ಆಕೆಯನ್ನು ಎಲ್ಲಿಗೆ ಕಳಿಸುತ್ತಿದ್ದಾನೆ? ಸೆರೆಗೆ ತಾನೇ! ಆದರೆ ನೋಡುವವರ ಕಣ್ಣಿಗೆ ಅದು ದಯೆಯಾಗಿ ಕಾಣುವಂತೆ ಕೆತ್ತಿದ್ದಾರೆ.

ಇನ್ನು ಬಿಟ್ಟದ್ದರ ಮಾತು. ಗಾಯಗೊಂಡ ರೋಮನ್ ಸೈನಿಕರಿಗೆ ಪಟ್ಟಿ ಕಟ್ಟುವ ಒಂದೇ ಒಂದು ದೃಶ್ಯವಿದೆ, ಬಹಳ ಹೆಸರುವಾಸಿ ದೃಶ್ಯ. ಸತ್ತು ಬಿದ್ದ ಡೇಸಿಯನ್ನರು ರಾಶಿ ರಾಶಿ. ಸತ್ತ ರೋಮನ್ ಸೈನಿಕನನ್ನು ಹುಡುಕಿದರೆ ಸಿಗುವುದಿಲ್ಲ. ಹಾಗಂತ ಯಾರೂ ಸಾಯಲಿಲ್ಲವಾ? ಕ್ಯಾಸಿಯಸ್ ಡಿಯೋ ಅನ್ನುವ ಇತಿಹಾಸಕಾರನ ಪ್ರಕಾರ ಒಂದು ಕಾಳಗದಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆಯೇ ಮುಗಿದುಹೋಗಿ ಟ್ರೇಜನ್ ತನ್ನ ಬಟ್ಟೆಯನ್ನೇ ಹರಿದು ಕೊಟ್ಟನಂತೆ. ಚಕ್ರವರ್ತಿಗೆ ಹೆಸರು ತರುವ ಕಥೆಯೇ ಇದು, ಆದರೂ ಕಂಬದಲ್ಲಿ ಇಲ್ಲ. ನನ್ನ ಊಹೆ ಏನೆಂದರೆ, ಬಟ್ಟೆ ಮುಗಿಯುವಷ್ಟು ಜನಕ್ಕೆ ಗಾಯವಾಗಿತ್ತು ಅಂತ ಒಪ್ಪಿಕೊಂಡ ಹಾಗಾಗುತ್ತದೆ, ಅದಕ್ಕೇ ಬಿಟ್ಟಿರಬೇಕು. ಯುದ್ಧ ಯಾಕೆ ಶುರುವಾಯಿತು ಅನ್ನುವುದೂ ಇಲ್ಲ. ಇದಕ್ಕೂ ಮುಂಚೆ ಡೊಮಿಷಿಯನ್ ಚಕ್ರವರ್ತಿಯ ಕಾಲದಲ್ಲಿ ಡೇಸಿಯನ್ನರು ರೋಮನ್ ದಂಡನ್ನು ಚೆನ್ನಾಗಿ ಬಡಿದಿದ್ದರು, ಕೊನೆಗೆ ಡೆಸೆಬಾಲಸ್‌ಗೆ ವರ್ಷ ವರ್ಷ ದುಡ್ಡು ಕೊಟ್ಟು ರಾಜಿ ಮಾಡಿಕೊಂಡಿದ್ದರು. ಕಂಬದ ಕಥೆಗೆ ಆ ಹಿಂದಿನ ಅಧ್ಯಾಯವೇ ಗೊತ್ತಿಲ್ಲ. ಅದು ಸೀದಾ ಡ್ಯಾನ್ಯೂಬ್ ದಡದಿಂದ ಶುರುವಾಗುತ್ತದೆ. ನದಿದೇವರು ನೀರಿನಿಂದ ಅರ್ಧ ಮೈ ಎತ್ತಿ, ದಾಟುತ್ತಿರುವ ರೋಮನ್ ಸೈನ್ಯವನ್ನು ನೋಡುತ್ತಾನೆ. ನದಿಯೇ ಇವರ ಪರ ಅಂತ ಶುರುವಿನಲ್ಲೇ ಹೇಳಿಬಿಟ್ಟರು.

ಇದನ್ನೆಲ್ಲ ಬೇರೆ ಆಧಾರದ ಜೊತೆ ತಾಳೆ ನೋಡಲು ಆಗುತ್ತದಾ ಅಂತ ನೀವು ಕೇಳಬಹುದು. ಕಷ್ಟ. ಟ್ರೇಜನ್ ಸ್ವತಃ ಈ ಯುದ್ಧದ ಬಗ್ಗೆ ಪುಸ್ತಕ ಬರೆದಿದ್ದ. ಅದರಲ್ಲಿ ಈಗ ಉಳಿದಿರುವುದು ಒಂದೇ ವಾಕ್ಯ: "ಅಲ್ಲಿಂದ ಬೆರ್ಜೋಬಿಸ್‌ಗೆ, ಆಮೇಲೆ ಐಜಿಗೆ ಮುಂದುವರಿದೆವು." ಅದೂ ಪ್ರಿಸ್ಕಿಯನ್ ಎಂಬ ವ್ಯಾಕರಣಕಾರ ಯಾವುದೋ ವ್ಯಾಕರಣದ ಉದಾಹರಣೆಗೆ ಬಳಸಿಕೊಂಡದ್ದರಿಂದ ಉಳಿಯಿತು. ಡಿಯೋ ಬರೆದದ್ದು ಸಂಕ್ಷಿಪ್ತ ರೂಪದಲ್ಲಷ್ಟೇ ಸಿಗುತ್ತದೆ. ಹಾಗಾಗಿ ಯುದ್ಧದ ವಿವರಕ್ಕೆ ಕಂಬವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಪ್ರಚಾರದ ಕೆತ್ತನೆಯೇ ಮುಖ್ಯ ಆಧಾರ ಆಗಿಬಿಟ್ಟಿದೆ. ಟ್ರೇಜನ್‌ಗೆ ಇದಕ್ಕಿಂತ ದೊಡ್ಡ ಗೆಲುವು ಬೇಕಾ!

ಆದರೂ ಅದೃಷ್ಟಕ್ಕೆ ಎರಡು ಕಡೆ ನಮಗೆ ಬಿರುಕು ಸಿಕ್ಕಿದೆ. ಒಂದು ಡೆಸೆಬಾಲಸ್‌ನ ಸಾವು. ಕಂಬದ ಮೇಲ್ಭಾಗದಲ್ಲಿ ರೋಮನ್ ಸವಾರರು ಬೆನ್ನಟ್ಟಿ ಬರುತ್ತಿರುವಾಗ ಅವನು ಮರದ ಬುಡದಲ್ಲಿ ಕುಸಿದು ತನ್ನ ಕುತ್ತಿಗೆಯನ್ನು ತಾನೇ ಕೊಯ್ದುಕೊಳ್ಳುತ್ತಾನೆ. 1965ರಲ್ಲಿ ಉತ್ತರ ಗ್ರೀಸ್‌ನಲ್ಲಿ, ಹಳೆಯ ಫಿಲಿಪ್ಪಿ ಪಟ್ಟಣದ ಹತ್ತಿರ, ಒಂದು ಸಮಾಧಿ ಕಲ್ಲು ಸಿಕ್ಕಿತು. ಟಿಬೇರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಎಂಬ ಅಶ್ವಸೈನಿಕನ ಕಲ್ಲು. ಡೆಸೆಬಾಲಸ್‌ನನ್ನು ಹಿಡಿದವನು ತಾನು, ಅವನ ತಲೆಯನ್ನು ರಾನಿಸ್ಟೋರಮ್ ಎಂಬಲ್ಲಿಗೆ ಒಯ್ದು ಟ್ರೇಜನ್‌ಗೆ ಒಪ್ಪಿಸಿದವನೂ ತಾನೇ ಅಂತ ಅದರ ಮೇಲೆ ಬರೆಸಿದ್ದಾನೆ. ಮೇಲ್ಗಡೆ ಚಿತ್ರವೂ ಇದೆ: ಕುದುರೆ ಮೇಲೆ ಅವನು, ಕೆಳಗೆ ಬೀಳುತ್ತಿರುವ ರಾಜ. ಈ ಕಲ್ಲು ಸಿಕ್ಕಿದ್ದರಿಂದ ಕಂಬದ ದೃಶ್ಯ ಕಟ್ಟುಕಥೆ ಅಲ್ಲ ಅನ್ನುವುದು ಗಟ್ಟಿಯಾಯಿತು. ಜೊತೆಗೆ ಇನ್ನೊಂದೂ ಗೊತ್ತಾಯಿತು. ಸೈನಿಕ "ನಾನು ಹಿಡಿದೆ" ಅನ್ನುತ್ತಾನೆ, ಕಂಬ "ಅವನೇ ಸತ್ತ" ಅನ್ನುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬೇಕಿತ್ತು. ಕಂಬದಲ್ಲಿ ಆ ಸೈನಿಕನಿಗೆ ಹೆಸರಿಲ್ಲ, ಚಾಚಿದ ಕೈಯಷ್ಟೇ ಇದೆ.

ಎರಡನೆಯದು ರೊಮೇನಿಯಾದ ಆದಂಕ್ಲಿಸಿ. ಯುದ್ಧ ನಡೆದ ಸೀಮೆಯಲ್ಲೇ, ಡ್ಯಾನ್ಯೂಬ್ ಕೆಳದಂಡೆಯ ಕಡೆ, 109ರಲ್ಲಿ ಒಂದು ದೊಡ್ಡ ವಿಜಯಸ್ಮಾರಕ ಎದ್ದಿತು. ಅದರ ಸುತ್ತ ಚೌಕ ಚೌಕವಾಗಿ ಕೆತ್ತನೆ ಫಲಕಗಳಿವೆ. ನಾಜೂಕೇ ಇಲ್ಲ, ತಲೆ ದಪ್ಪ, ಕೈಕಾಲು ಒರಟು. ಕಲಾವಿಮರ್ಶಕರು ಇದನ್ನು ಬಹಳ ಕಾಲ ಕೀಳಾಗಿ ನೋಡಿದರು, ನನಗಂತೂ ಬಲು ಇಷ್ಟ. ರೋಮ್‌ನ ಕಂಬದಲ್ಲಿ ಲೀಜನ್ (ಅಂದರೆ ರೋಮ್‌ನ ಮುಖ್ಯ ಪಡೆ) ಸೈನಿಕರೆಲ್ಲ ಒಂದೇ ನಮೂನೆ: ಪಟ್ಟಿ ಪಟ್ಟಿ ಕಬ್ಬಿಣದ ಕವಚ, ಬಾಗಿದ ಆಯತದ ಗುರಾಣಿ. ನೋಡಿದ ಕೂಡಲೇ ಇವನು ಲೀಜನ್‌ನವನು, ಅಗೋ ಅವನು ಸಹಾಯಕ ಪಡೆಯವನು ಅಂತ ಹೇಳಬಹುದು. ಆದಂಕ್ಲಿಸಿಯಲ್ಲಿ ಸೈನಿಕರು ಬಳೆಬಳೆ ಹೆಣಿಗೆಯ ಕವಚ, ಮೀನಿನ ಪೊರೆಯಂಥ ಕವಚ ತೊಟ್ಟಿದ್ದಾರೆ, ಬಲಗೈಗೆ ಭುಜದವರೆಗೂ ರಕ್ಷೆ ಕಟ್ಟಿದ್ದಾರೆ. ಡೇಸಿಯನ್ನರ ಬಾಗಿದ ಕತ್ತಿಯ ಏಟಿಗೆ ಕೈ ಹಾರಿಹೋಗುತ್ತಿದ್ದುದರಿಂದ ಹೀಗೆ ಮಾಡಿಕೊಂಡರು ಅಂತ ವಿದ್ವಾಂಸರು ಹೇಳುತ್ತಾರೆ. ರೋಮ್‌ನ ಕಂಬದಲ್ಲಿ ಆ ಭಯದ ಸುಳಿವೇ ಇಲ್ಲ. ಆದಂಕ್ಲಿಸಿಯಲ್ಲೇ ಒಂದು ಬಲಿಪೀಠದ ಮೇಲೆ ಸತ್ತ ರೋಮನ್ ಸೈನಿಕರ ಹೆಸರುಗಳನ್ನು ಸಾಲು ಸಾಲಾಗಿ ಕೊರೆದಿದ್ದಾರೆ. ಅದು ಟ್ರೇಜನ್ ಯುದ್ಧದ್ದಾ, ಡೊಮಿಷಿಯನ್ ಕಾಲದ್ದಾ ಅಂತ ಚರ್ಚೆ ಇನ್ನೂ ಮುಗಿದಿಲ್ಲ. ಯಾವುದೇ ಆಗಿರಲಿ, ರಾಜಧಾನಿಯಲ್ಲಿ ಹೇಳದ ಮಾತನ್ನು ಗಡಿಯಲ್ಲಿ ಹೇಳಿದ್ದಾರೆ.

ರಾಜಧಾನಿಯಲ್ಲೂ ಒಂದೇ ಕಥೆ ಇರಲಿಲ್ಲ. ಕೊಲೋಸಿಯಮ್ ಪಕ್ಕದ ಕಾನ್‌ಸ್ಟಂಟೈನ್ ಕಮಾನಿನ ನಡುದಾರಿಯಲ್ಲಿ ಒಳಗೋಡೆಗಳನ್ನು ನೋಡಿ. ಅಲ್ಲಿರುವ ದೊಡ್ಡ ಫಲಕಗಳು ಮೂಲದಲ್ಲಿ ಟ್ರೇಜನ್ ಕಾಲದವು, ಅವನ ಫೋರಮ್‌ನವೇ ಇರಬೇಕು ಅಂತ ಹೆಚ್ಚಿನವರ ಅಭಿಪ್ರಾಯ. ಅವುಗಳಲ್ಲಿ ಚಕ್ರವರ್ತಿ ತಲೆಗೆ ಶಿರಸ್ತ್ರಾಣವೂ ಇಲ್ಲದೆ ಕುದುರೆ ನುಗ್ಗಿಸಿಕೊಂಡು ಡೇಸಿಯನ್ನರನ್ನು ತುಳಿಯುತ್ತಾನೆ! ಕಂಬದಲ್ಲಿ ಶಾಂತ ಮೇಲ್ವಿಚಾರಕ, ಇಲ್ಲಿ ಸಿನಿಮಾ ಹೀರೋ. ಎರಡೂ ಅದೇ ಮನುಷ್ಯ, ಅದೇ ಯುದ್ಧ. ಒಂದು ಕಡೆ ಏನೇನಾಯಿತು ಅಂತ ಸಾವಧಾನವಾಗಿ ಹೇಳುವ ರೀತಿ, ಇನ್ನೊಂದು ಕಡೆ ಒಂದೇ ನೋಟಕ್ಕೆ ಎದೆ ಝಲ್ಲೆನಿಸುವ ರೀತಿ. ಇವೆರಡರಲ್ಲಿ ಯಾವುದು ನಿಜ ಅಂತ ಆಗಿನವರು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ: ಯಾರಿಗೋಸ್ಕರ? ಕಂಬದ ಎರಡು ಪಕ್ಕಕ್ಕೆ ಗ್ರಂಥಾಲಯಗಳಿದ್ದವು, ಒಂದು ಬದಿಗೆ ಬೆಸಿಲಿಕಾ ಉಲ್ಪಿಯಾ ಅನ್ನುವ ಭಾರೀ ಸಭಾಂಗಣ. ಅವುಗಳ ಮೇಲ್ಮಹಡಿಯಿಂದ ಕಂಬದ ನಡುಭಾಗ ಈಗ ಕಾಣುವುದಕ್ಕಿಂತ ಚೆನ್ನಾಗಿ ಕಾಣುತ್ತಿದ್ದಿರಬೇಕು. ಸೈನಿಕರ ಕೈಗೆ ಲೋಹದ ಪುಟ್ಟ ಆಯುಧಗಳನ್ನು ಸಿಕ್ಕಿಸಿದ್ದರು, ತೂತುಗಳು ಈಗಲೂ ಇವೆ. ಆದರೂ ಮೇಲಿನ ಸುತ್ತುಗಳು ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ, ಮತ್ತೆ ಕಥೆ ಓದುತ್ತಾ ಹೋಗಬೇಕೆಂದರೆ ಕಂಬದ ಸುತ್ತ 23 ಸಲ ಸುತ್ತಬೇಕು! ಇದಕ್ಕೊಂದು ದಾರಿ ಮಾಡಿಟ್ಟಿದ್ದಾರೆ ಅಂತ ಹಲವು ವಿದ್ವಾಂಸರ ವಾದ. ಕೆಲವು ಮುಖ್ಯ ದೃಶ್ಯಗಳು ಒಂದೇ ನೇರದಲ್ಲಿ ಒಂದರ ಮೇಲೊಂದು ಬರುತ್ತವೆ. ಕೆಳಗೆ ನದಿದೇವರು, ನಡುವೆ ಎರಡು ಯುದ್ಧಗಳನ್ನು ಬೇರ್ಪಡಿಸುವ ಹಾಗೆ ಗುರಾಣಿ ಮೇಲೆ ಬರೆಯುತ್ತಿರುವ ವಿಜಯದೇವತೆ, ಮೇಲೆ ಡೆಸೆಬಾಲಸ್‌ನ ಸಾವು. ಒಂದೇ ಕಡೆ ನಿಂತು ಕತ್ತೆತ್ತಿದರೆ ಕಥೆಯ ಸಾರ ಸಿಗುತ್ತದೆ. ನನಗೆ ಇದು ಬಹುಪಾಲು ಒಪ್ಪಿಗೆ.

ಪಾಲ್ ವೇನ್ ಅನ್ನುವ ಫ್ರೆಂಚ್ ಇತಿಹಾಸಕಾರ ಇನ್ನೂ ಮುಂದೆ ಹೋಗಿ, ಇದನ್ನು ಜನ ಓದಲಿ ಅಂತ ಮಾಡಿಯೇ ಇಲ್ಲ ಅಂದ. ಸಾಮ್ರಾಜ್ಯದ ಘನತೆಯನ್ನು ತೋರಿಸಿಕೊಳ್ಳುವುದೇ ಅದರ ಕೆಲಸ, ನೋಡುವವರಿದ್ದರೂ ಇಲ್ಲದಿದ್ದರೂ ಅದು ನಡೆಯುತ್ತದೆ ಅನ್ನುವುದು ಅವನ ಮಾತಿನ ಸಾರ. ಪೂರ್ತಿ ಒಪ್ಪಲಾರೆ, ಆದರೆ ಅದರಲ್ಲಿ ತೂಕ ಇದೆ. ಪೀಠದ ಮೇಲಿನ ಶಾಸನವನ್ನೇ ನೋಡಿ. ಕಂಬವನ್ನು ಟ್ರೇಜನ್‌ಗೆ ಅರ್ಪಿಸುತ್ತಿರುವವರು ಸೆನೆಟ್ ಮತ್ತು ರೋಮನ್ ಜನತೆ ಅಂತಿದೆ, ಯಾಕಪ್ಪಾ ಅಂದರೆ ಈ ಕಟ್ಟಡಗಳಿಗಾಗಿ ಎಷ್ಟು ಎತ್ತರದ ಗುಡ್ಡವನ್ನು ಅಗೆದು ತೆಗೆಯಲಾಯಿತು ಎಂದು ತೋರಿಸುವುದಕ್ಕೆ. ಟ್ರೇಜನ್‌ನ ಬಿರುದುಗಳ ಸಾಲಿನಲ್ಲಿ ಡೇಸಿಯಾ ಗೆದ್ದವನು ಅಂತ ಬಂದದ್ದು ಬಿಟ್ಟರೆ ಯುದ್ಧದ ಸೊಲ್ಲೇ ಇಲ್ಲ. ಲೆಕ್ಕಪ್ರಕಾರ ಇದು ಸೆನೆಟ್ ಕೊಟ್ಟ ಕಾಣಿಕೆ, ಮೊದಲ ಪ್ರೇಕ್ಷಕ ಚಕ್ರವರ್ತಿಯೇ. 117ರಲ್ಲಿ ಅವನು ಸತ್ತ ಮೇಲೆ ಚಿತಾಭಸ್ಮವನ್ನು ಇದೇ ಪೀಠದೊಳಗೆ ಇಟ್ಟರು. ಅಲ್ಲಿಗೆ ಅದು ಸಮಾಧಿಯೂ ಆಯಿತು.

ಸಾಮಾನ್ಯ ಜನರಿಗೆ ಕಥೆ ಬೇರೆ ದಾರಿಯಲ್ಲಿ ಮುಟ್ಟಿತ್ತು ಅನ್ನುವುದನ್ನು ಮರೆಯಬಾರದು. ಗೆದ್ದು ಬಂದ ದಂಡನಾಯಕ ವಿಜಯ ಮೆರವಣಿಗೆ ಮಾಡುತ್ತಿದ್ದ. ಜೆರುಸಲೇಮ್ ಬಿದ್ದ ಮೇಲೆ 71ರಲ್ಲಿ ನಡೆದ ಮೆರವಣಿಗೆಯನ್ನು ಜೋಸೆಫಸ್ ಅನ್ನುವ ಇತಿಹಾಸಕಾರ ವರ್ಣಿಸಿದ್ದಾನೆ. ಮೂರು ನಾಲ್ಕು ಅಂತಸ್ತಿನ ತೇರಿನಂಥ ಅಟ್ಟಗಳ ಮೇಲೆ ಯುದ್ಧದ ದೃಶ್ಯಗಳು ಬರುತ್ತಿದ್ದವಂತೆ: ಕೋಟೆ ಬೀಳುವುದು, ಮನೆ ಉರಿಯುವುದು, ಜನ ಓಡುವುದು. ಟ್ರೇಜನ್ ಡೇಸಿಯಾದಿಂದ ಬಂದ ಮೇಲೆ 123 ದಿನ ಆಟ ನಡೆಸಿದ, 10,000 ಗ್ಲಾಡಿಯೇಟರ್‌ಗಳು ಹೊಡೆದಾಡಿದರು, 11,000 ಪ್ರಾಣಿಗಳನ್ನು ಕೊಂದರು ಅಂತ ಡಿಯೋ ಬರೆಯುತ್ತಾನೆ. ಇಷ್ಟೆಲ್ಲ ನೋಡಿದ ಜನಕ್ಕೆ ಕಂಬದ ಪ್ರತಿ ದೃಶ್ಯವನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದರ ಮೇಲೆ ಭಾಷಣ, ಬಲಿ, ಶರಣಾಗತಿಯಂಥ ಸಿದ್ಧ ದೃಶ್ಯಗಳು ಎಲ್ಲ ಸ್ಮಾರಕಗಳಲ್ಲೂ ನಾಣ್ಯಗಳಲ್ಲೂ ಒಂದೇ ಥರ. ಕೈ ಎತ್ತಿ ವೇದಿಕೆ ಮೇಲೆ ನಿಂತವನನ್ನು ಕಂಡರೆ ಸಾಕು, ಉಳಿದದ್ದು ಗೊತ್ತಾಗುತ್ತಿತ್ತು.

357ರಲ್ಲಿ ರೋಮ್‌ಗೆ ಬಂದ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಷಿಯಸ್ ಟ್ರೇಜನ್ ಫೋರಮ್ ನೋಡಿ ದಂಗಾದ ಅಂತ ಅಮ್ಮಿಯಾನಸ್ ಅನ್ನುವ ಇತಿಹಾಸಕಾರ ಬರೆದಿದ್ದಾನೆ. ಇದನ್ನೆಲ್ಲ ಮಾಡಿಸಲು ನನ್ನಿಂದಾಗದು, ನಡುವೆ ಇರುವ ಟ್ರೇಜನ್ ಪ್ರತಿಮೆಯ ಕುದುರೆಯಂಥದ್ದೊಂದನ್ನು ಮಾಡಿಸುತ್ತೇನೆ ಅಂದನಂತೆ. ಜೊತೆಗಿದ್ದ ಪರ್ಷಿಯನ್ ರಾಜಕುಮಾರ ಹೊರ್ಮಿಸ್ದಾಸ್ ಹೇಳಿದ: ಸ್ವಾಮಿ, ಮೊದಲು ಇಂಥದ್ದೇ ಲಾಯ ಕಟ್ಟಿಸಿ. 240 ವರ್ಷ ಕಳೆದರೂ ಪ್ರಚಾರ ಕೆಲಸ ಮಾಡುತ್ತಿತ್ತು. ಹಾಗೆ ದಂಗಾದವನು ದೃಶ್ಯಗಳನ್ನು ಒಂದೊಂದಾಗಿ ಓದಿದ ಅಂತ ಅಮ್ಮಿಯಾನಸ್ ಎಲ್ಲೂ ಹೇಳುವುದಿಲ್ಲ.

ಹಸಿ ಸುಳ್ಳು ಬೇಕೇ ಬೇಕು ಅಂದರೆ ಅದೂ ಉಂಟು, ಆದರೆ ಚಿತ್ರದಲ್ಲಿ ಅಲ್ಲ, ಬರಹದಲ್ಲಿ. ರೋಮನ್ ಫೋರಮ್ ಹತ್ತಿರ ಈಗ ನಿಂತಿರುವ, ಜೆರುಸಲೇಮ್ ಗೆದ್ದ ಟೈಟಸ್‌ನ ಕಮಾನು ಎಲ್ಲರಿಗೂ ಗೊತ್ತು, ಜೆರುಸಲೇಮ್ ದೇವಾಲಯದಿಂದ ತಂದ ಏಳು ಕವಲಿನ ದೀಪವನ್ನು ಸೈನಿಕರು ಹೊತ್ತು ತರುವ ಕೆತ್ತನೆ ಅದರೊಳಗಿದೆ. ಟೈಟಸ್‌ಗೆ ಸರ್ಕಸ್ ಮ್ಯಾಕ್ಸಿಮಸ್ ಅನ್ನುವ ರಥದೋಟದ ಮೈದಾನದ ಬಳಿ ಇನ್ನೊಂದು ಕಮಾನೂ ಇತ್ತು. ಅದರ ಶಾಸನದ ನಕಲು ಒಂದು ಹಳೆಯ ಹಸ್ತಪ್ರತಿಯಲ್ಲಿ ಉಳಿದಿದೆ. ಹಿಂದಿನ ಯಾವ ರಾಜನೂ ದಂಡನಾಯಕನೂ ಗೆಲ್ಲಲಾಗದ ಅಥವಾ ಮುಟ್ಟಲೂ ಹೋಗದ ಜೆರುಸಲೇಮನ್ನು ಇವನು ನಾಶಮಾಡಿದ ಅಂತ ಅದು ಹೇಳುತ್ತದೆ. ಕ್ರಿ.ಪೂ. 63ರಲ್ಲೇ ರೋಮನ್ ದಂಡನಾಯಕ ಪಾಂಪೆ ಜೆರುಸಲೇಮನ್ನು ಹಿಡಿದಿದ್ದ! ಪಾಂಪೆ ಏನು ಗುರುತಿಲ್ಲದವನಾ? ಓದುಬಲ್ಲ ಪ್ರತಿ ರೋಮನ್ನನಿಗೂ ಗೊತ್ತಿದ್ದ ಸಂಗತಿ. ಆದರೂ ಕೊರೆಸಿದರು.

ಇನ್ನೊಂದು ವಿಧಾನ ಅಳಿಸುವುದು. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು 203ರದ್ದು, ಅವನ ಜೊತೆ ಮಕ್ಕಳಾದ ಕಾರಕಲ್ಲ ಮತ್ತು ಗೇಟಾ ಇಬ್ಬರ ಹೆಸರೂ ಅದರಲ್ಲಿತ್ತು. ಅಪ್ಪ ಸತ್ತ ಮೇಲೆ ಕಾರಕಲ್ಲ ತಮ್ಮನನ್ನು ಕೊಲ್ಲಿಸಿದ, ಹೆಸರನ್ನೂ ಕೆತ್ತಿ ತೆಗೆಸಿ ಆ ಜಾಗಕ್ಕೆ ಉಳಿದಿಬ್ಬರಿಗೆ ಇನ್ನೆರಡು ಹೊಗಳಿಕೆ ತುಂಬಿಸಿದ. ಕಂಚಿನ ಅಕ್ಷರಗಳು ಹೋಗಿವೆ, ಆದರೆ ನಾಲ್ಕನೇ ಸಾಲಿನಲ್ಲಿ ಕಲ್ಲು ಒಳಕ್ಕೆ ತಗ್ಗಾಗಿರುವುದು, ಹಳೆಯ ಅಕ್ಷರಗಳ ಮೊಳೆತೂತುಗಳು ಈಗಲೂ ಕಾಣುತ್ತವೆ. ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಕಾನ್‌ಸ್ಟಂಟೈನ್ ಕಮಾನಿನಲ್ಲಿ (315) ಅಳಿಸುವ ಬದಲು ಮುಖ ಬದಲಾಯಿಸಿದ್ದಾರೆ. ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಆರೇಲಿಯಸ್ ಕಾಲದ ಫಲಕಗಳನ್ನು ತಂದು ಅಂಟಿಸಿ, ತಲೆಗಳನ್ನು ಹೊಸ ಒಡೆಯನ ಹಾಗೆ ಮತ್ತೆ ಕೆತ್ತಿದರು. ಟ್ರೇಜನ್ ಕುದುರೆ ನುಗ್ಗಿಸುವ ಫಲಕದ ಮೇಲ್ಗಡೆ "ನಗರದ ವಿಮೋಚಕನಿಗೆ" ಅಂತ ಬರೆದಿದ್ದಾರೆ, ಅಂದರೆ ಕಾನ್‌ಸ್ಟಂಟೈನ್‌ಗೆ. ಅವನ ಕೈಲಿ ಸೋತ ಮ್ಯಾಕ್ಸೆಂಷಿಯಸ್ ಕೂಡ ರೋಮನ್ನನೇ, ಆರು ವರ್ಷ ರೋಮ್ ಆಳಿದವನು. ಶಾಸನದಲ್ಲಿ ಅವನ ಹೆಸರೇ ಇಲ್ಲ, "ನಿರಂಕುಶ ದೊರೆ" ಅಷ್ಟೇ.

ಇಷ್ಟು ಓದಿ, ಎಲ್ಲವೂ ಅರಮನೆಯಿಂದ ಬಂದ ಆಜ್ಞೆ ಅಂತ ಅಂದುಕೊಳ್ಳಬೇಡಿ. ಈಗಿನ ಟರ್ಕಿಯ ಅಫ್ರೋಡಿಸಿಯಾಸ್ ಪಟ್ಟಣದಲ್ಲಿ ಚಕ್ರವರ್ತಿಗಳ ಪೂಜೆಗೆಂದು ಕಟ್ಟಿದ ಒಂದು ಸಮುಚ್ಚಯ ಇದೆ. ಅದರಲ್ಲಿ ಕ್ಲಾಡಿಯಸ್, ಹೆಣ್ಣಿನ ರೂಪದ ಬ್ರಿಟನ್ನನ್ನು ಕೂದಲು ಹಿಡಿದು ಕೆಡವುತ್ತಿದ್ದಾನೆ. ನೀರೋ, ಹೆಣ್ಣಿನ ರೂಪದಲ್ಲೇ ಕುಸಿದಿರುವ ಆರ್ಮೇನಿಯಾವನ್ನು ತೋಳು ಹಿಡಿದು ನಿಂತಿದ್ದಾನೆ. ಕಟ್ಟಿಸಿದವರು ಯಾರು? ಆ ಊರಿನ ಎರಡು ಶ್ರೀಮಂತ ಕುಟುಂಬಗಳು, ತಮ್ಮದೇ ಖರ್ಚಿನಲ್ಲಿ. ನಮ್ಮಲ್ಲಿ ನಾಯಕರ ಹುಟ್ಟುಹಬ್ಬಕ್ಕೆ ಊರಿನ ಮರಿಪುಢಾರಿಗಳು ಫ್ಲೆಕ್ಸ್ ಹಾಕಿಸಿ, ಮೂಲೆಯಲ್ಲಿ ತಮ್ಮ ಫೋಟೋನೂ ಹಾಕಿಸಿಕೊಳ್ಳುತ್ತಾರಲ್ಲ, ಆ ಲೆಕ್ಕಾಚಾರ ಅವರಿಗೂ ಗೊತ್ತಿತ್ತು.

ನಾಣ್ಯದ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ರೋಮ್‌ನ ಪ್ರಚಾರ ಕರ್ನಾಟಕದವರೆಗೂ ಬಂದಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಅಗಸ್ಟಸ್, ಟಿಬೇರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಭಾರತದಲ್ಲಿ ಜಾಸ್ತಿ ಸಿಗುವ ಅಗಸ್ಟಸ್ ನಾಣ್ಯದ ಹಿಂಬದಿಯಲ್ಲಿ ಗುರಾಣಿ, ಈಟಿಗಳ ಜೊತೆ ಇಬ್ಬರು ಹುಡುಗರು ನಿಂತಿರುತ್ತಾರೆ. ಅವರು ಗಾಯಸ್ ಮತ್ತು ಲೂಷಿಯಸ್, ಅಗಸ್ಟಸ್ ದತ್ತು ತೆಗೆದುಕೊಂಡ ಮೊಮ್ಮಕ್ಕಳು. ನನ್ನ ನಂತರ ಇವರೇ ವಾರಸುದಾರರು ಅಂತ ಸಾಮ್ರಾಜ್ಯಕ್ಕೆಲ್ಲ ಸಾರುವ ನಾಣ್ಯ ಅದು. ಕ್ರಿ.ಶ. 2ರಲ್ಲಿ ಒಬ್ಬ ಸತ್ತ, 4ರಲ್ಲಿ ಇನ್ನೊಬ್ಬನೂ ಸತ್ತ, ನಾಣ್ಯ ಮಾತ್ರ ಓಡಾಡುತ್ತಲೇ ಇತ್ತು. ಇಲ್ಲಿನ ವ್ಯಾಪಾರಿಗೆ ಆ ಹುಡುಗರು ಯಾರಾದರೇನು, ಬೆಳ್ಳಿಯ ತೂಕ ಸರಿಯಿದ್ದರೆ ಸಾಕು.

ಇಟಲಿಯಲ್ಲಿ ಏನು ನೋಡಬೇಕು ಅಂದಿರಿ. ಟ್ರೇಜನ್ ಕಂಬದ ಬಳಿ ಮೇಲೆ ನೋಡಿ ನೋಡಿ ಕತ್ತು ನೋಯಿಸಿಕೊಳ್ಳಬೇಡಿ. ಕೆಳಗಿನ ನಾಲ್ಕೈದು ಸುತ್ತು ಬರಿಗಣ್ಣಿಗೇ ಕಾಣುತ್ತದೆ, ಅದನ್ನು ನಿಧಾನವಾಗಿ ನೋಡಿ. ದುರ್ಬೀನು ಇದ್ದರೆ ತಗೊಂಡು ಹೋಗಿ. ಕೆಳಸುತ್ತಿನಲ್ಲೇ ಟ್ರೇಜನ್ ಎದುರಿಗೆ ಹೇಸರಗತ್ತೆಯಿಂದ ಒಬ್ಬ ಬೀಳುವ ವಿಚಿತ್ರ ದೃಶ್ಯ ಇದೆ, ಹುಡುಕಿ. ಶತ್ರುಗಳ ಮಿತ್ರರು ಅಣಬೆಯ ಮೇಲೆ ಲ್ಯಾಟಿನ್‌ನಲ್ಲಿ "ವಾಪಸ್ ಹೋಗಿ" ಅಂತ ಬರೆದು ಕಳಿಸಿದರು ಅಂತ ಡಿಯೋ ಹೇಳುವ ಕಥೆಗೂ ಇದಕ್ಕೂ ಕೆಲವರು ಗಂಟು ಹಾಕುತ್ತಾರೆ. ತುದಿಯಲ್ಲಿ ನಿಂತವನು ಟ್ರೇಜನ್ ಅಲ್ಲ, ಸಂತ ಪೀಟರ್. 1587ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಕೂರಿಸಿದ್ದು.

ಅಲ್ಲಿಂದ ನಡೆದೇ ಪಿಯಾಜ್ಜಾ ಕೊಲೋನಾಗೆ ಹೋಗಿ, ಮಾರ್ಕಸ್ ಆರೇಲಿಯಸ್ ಕಂಬ ನೋಡಿ. ಸುಮಾರು 80 ವರ್ಷ ಆಮೇಲಿನದು, ಅದೇ ನಮೂನೆ. ಆದರೆ ಕೆತ್ತನೆ ಆಳ, ಆಕೃತಿಗಳು ಕಡಿಮೆ ಮತ್ತು ದೊಡ್ಡವು, ಚಕ್ರವರ್ತಿ ನಮ್ಮ ಕಡೆಗೇ ಮುಖ ಮಾಡಿ ನಿಲ್ಲುತ್ತಾನೆ. ಟ್ರೇಜನ್ ಕಂಬ ಕಾಣಲ್ಲ ಅನ್ನುವ ನಿಮ್ಮ ದೂರು ಆಗಿನ ಶಿಲ್ಪಿಗಳಿಗೂ ಮುಟ್ಟಿತ್ತೋ ಏನೋ. ಕ್ರೌರ್ಯವೂ ಜಾಸ್ತಿ: ಗುಡಿಸಲಿಗೆ ಬೆಂಕಿ, ಸಾಲಾಗಿ ತಲೆ ಕಡಿಯುವುದು, ಮಗುವಿನ ಸಮೇತ ತಾಯಂದಿರನ್ನು ಎಳೆದೊಯ್ಯುವುದು. ಮಳೆಯ ಪವಾಡದ ದೃಶ್ಯವನ್ನು ತಪ್ಪಿಸಬೇಡಿ. ಬಾಯಾರಿ ಬಳಲಿದ ರೋಮನ್ ದಂಡಿನ ಮೇಲೆ ರೆಕ್ಕೆ ಚಾಚಿದ ಒಂದು ಆಕೃತಿ ಮೈಯೆಲ್ಲ ನೀರಾಗಿ ಸುರಿಯುತ್ತದೆ. ಈಜಿಪ್ಟಿನ ಮಂತ್ರವಾದಿ ತರಿಸಿದ ಮಳೆ ಅಂದ ಡಿಯೋ, ನಮ್ಮ ಸೈನಿಕರ ಪ್ರಾರ್ಥನೆಯಿಂದ ಬಂದದ್ದು ಅಂದರು ಕ್ರೈಸ್ತ ಲೇಖಕರು. ಕಂಬ ಯಾವ ದೇವರ ಹೆಸರನ್ನೂ ಹೇಳುವುದಿಲ್ಲ. ಅದರ ಪೀಠದ ಮೇಲೆ 1589ರಲ್ಲಿ ಹಾಕಿಸಿದ ಬರಹ ಈ ಕಂಬ ಆಂಟೋನಿನಸ್ ಪಯಸ್ ಅನ್ನುವ ಬೇರೊಬ್ಬ ಚಕ್ರವರ್ತಿಯದ್ದು ಅನ್ನುತ್ತದೆ. ತಪ್ಪು ಅದು, ನಂಬಬೇಡಿ.

ಟ್ರೇಜನ್ ಕಂಬವನ್ನು ಹತ್ತಿರದಿಂದ ನೋಡಲೇಬೇಕು ಅಂದರೆ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಳ್ಳೆಯದು. ಪೂರ್ತಿ ಕಂಬದ ಪ್ಲಾಸ್ಟರ್ ಅಚ್ಚು ಅಲ್ಲಿದೆ. ಚಾವಣಿಗೆ ತಾಗುತ್ತದೆ ಅಂತ ಎರಡು ತುಂಡು ಮಾಡಿ ಅಕ್ಕಪಕ್ಕ ನಿಲ್ಲಿಸಿದ್ದಾರೆ. ಮೇಲಿನ ಪಡಸಾಲೆಗೆ ಹತ್ತಿ ನಿಂತರೆ, ರೋಮ್‌ನಲ್ಲಿ ಬರಿಗಣ್ಣಿಗೆ ನಿಲುಕದ ಎಷ್ಟೋ ದೃಶ್ಯಗಳು ಅಲ್ಲಿ ಆರಾಮಾಗಿ ಕಾಣುತ್ತವೆ.